ತಪ್ಪಾಯ್ತು ಎಂದವನು

"ಬುದ್ಧಿ, ಎದುರಿಗೆ ನಿಂತವನು ಮನಸಾರೆ ತಪ್ಪೊಪ್ಪಿಕೊಂಡನೋ, ಬರೀ ಬಾಯಿಮಾತಿಗೆ ಒಪ್ಪಿಕೊಂಡನೋ ಎಂದು ತಿಳಿಯುವುದು ಹೇಗೆ?"

ಹೀಗೆ ಕೇಳಿದವನು ಮಠದ ಶಿಷ್ಯ ಸಿದ್ದಮಲ್ಲ. ಊರಿನಲ್ಲಿ ಎಳೆಯರ ತಪ್ಪುಗಳನ್ನು ಎಳೆಯರೇ ಕೂತು ವಿಚಾರಿಸುವ ಒಂದು ಮಂಡಳಿ ಇತ್ತು. ಸಿದ್ದಮಲ್ಲ ಯಾರೂ ಕರೆಯದೆ ತಾನಾಗಿಯೇ ಹೋಗಿ ಅದರಲ್ಲಿ ಸೇರಿಕೊಂಡಿದ್ದ. ಆ ದಿನ ಒಬ್ಬ ಹುಡುಗಿ ಮಂಡಳಿಯ ಮುಂದೆ ಕ್ಷಮೆ ಕೇಳಿದ್ದಳು. ಅವಳ ದನಿಯಲ್ಲಿ ನೋವು ಸಾಲದು ಎಂದು ಅನುಮಾನಪಟ್ಟು, ಅದೇ ಮಾತನ್ನು ಅವಳಿಂದ ಮತ್ತೆ ಮತ್ತೆ ಹೇಳಿಸಿ ಬಂದಿದ್ದ. ಹೇಳಿಸಿದ್ದರ ಬಗ್ಗೆ ಅವನಿಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಹೊಳೆಯ ದಂಡೆಯ ಮೇಲೆ ಒಂದು ಊರು. ಅಲ್ಲಿ ಚಿಕ್ಕವಯಸ್ಸಿನವರು ತಪ್ಪು ಮಾಡಿದರೆ ಮೊದಲೇ ಹಿರಿಯರ ಮುಂದೆ ನಿಲ್ಲಿಸುತ್ತಿರಲಿಲ್ಲ. ಹಿರಿಯರ ಮುಂದೆ ನಿಂತವರ ಹೆಸರು ಸಾಯುವವರೆಗೂ ಕೆಟ್ಟೇ ಇರುತ್ತದೆ, ಎಳೆಯರಿಗೆ ಅಷ್ಟು ದೊಡ್ಡ ಮಸಿ ಬೇಡ ಎಂದು ಊರಿನವರು ಬೇರೆ ಏರ್ಪಾಡು ಮಾಡಿಕೊಂಡಿದ್ದರು. ಊರ ಮುಂದಿನ ಕಟ್ಟೆಯ ಮೇಲೆ ಎಳೆಯರೇ ಕೂತು ಎಳೆಯರನ್ನು ವಿಚಾರಿಸಬೇಕು. ಕೂರುವವರಿಗೆ ಸಂಬಳವಿಲ್ಲ. ಮನಸ್ಸಿದ್ದವರು ಬಂದು ಕೂರುವುದು.

ಆ ಕಟ್ಟೆಗೆ ಒಂದು ಪದ್ಧತಿ ಇತ್ತು. ಅಲ್ಲಿ 'ತಪ್ಪಾಯ್ತು' ಎನ್ನುವ ಹಾಗಿರಲಿಲ್ಲ. ಯಾರದಾದರೂ ಕಾಲು ತುಳಿದಾಗ ನಾವೆಲ್ಲ ಹೇಳುವ ಮಾತು ಅದು. ಆ ಮಾತಿನಲ್ಲಿ ತಪ್ಪು ಇದೆ, ಮಾಡಿದವನು ಇಲ್ಲ. ಹೊತ್ತಾಯಿತು, ಸಂಜೆಯಾಯಿತು ಎನ್ನುವಂತೆ ಅದೂ ತನ್ನಷ್ಟಕ್ಕೆ ಆಯಿತು. ಹೀಗೆ ನುಣುಚಿಕೊಳ್ಳಬಾರದೆಂದು ಕಟ್ಟೆಯ ಮುಂದೆ ನಿಂತವರು 'ತಪ್ಪು ಮಾಡಿದೆ' ಎಂದೇ ಹೇಳಬೇಕಿತ್ತು. ಹೇಳಿದವರಿಗೆ ಊರಿನದೊಂದು ಕೆಲಸ ಕೊಡುತ್ತಿದ್ದರು, ಕೆಲಸ ಮುಗಿದರೆ ಅಲ್ಲಿಗೆ ಮಾತೂ ಮುಗಿಯಿತು. ಹೇಳದೆ ಹಟ ಹಿಡಿದವರನ್ನು ಹಿರಿಯರ ಕೈಗೆ ಒಪ್ಪಿಸುತ್ತಿದ್ದರು. ಒಳ್ಳೆಯ ಪದ್ಧತಿ. ಅದನ್ನು ಮಾಡಿದವರು ಜಾಣರೇ.

ಆ ಊರಿನ ಒಬ್ಬ ನೇಕಾರನ ಮಗಳು ಕಟ್ಟೆಯ ಮೇಲೆ ಕೂರಲು ತಾನಾಗಿ ಬಂದಳು. ಮಗ್ಗ ಬಿಟ್ಟು ಊರ ಉಸಾಬರಿ ನಿನಗೇಕೆ ಎಂದು ತಾಯಿ ಗೊಣಗಿದರೂ ಕೇಳಲಿಲ್ಲ. ಮಗ್ಗದ ಮುಂದೆ ಕೂತಾಗ ಎಳೆಯ ಮೇಲೆ ಬೆರಳಾಡಿಸಿ ಗಂಟು ಹುಡುಕುವ ಹುಡುಗಿ, ಕಟ್ಟೆಯ ಮೇಲೆ ಕೂತಾಗ ಮಾತಿನಲ್ಲೂ ಗಂಟು ಹುಡುಕಿದಳು. ಅಳುವವರನ್ನು ಕಂಡರೆ ಕಣ್ಣೀರು ಸುರಿಸಿ ಪಾರಾಗಲು ನೋಡುತ್ತಿದ್ದಾರೆ ಎನ್ನುವಳು. ಅಳದವರನ್ನು ಕಂಡರೆ ಎಂಥ ಕಲ್ಲೆದೆ ಎನ್ನುವಳು. ಬೇಗ ಒಪ್ಪಿಕೊಂಡರೆ ಇದಕ್ಕಿಂತ ದೊಡ್ಡದೇನನ್ನೋ ಮುಚ್ಚಿಡುತ್ತಿದ್ದಾರೆ, ತಡವಾಗಿ ಒಪ್ಪಿಕೊಂಡರೆ ಅಷ್ಟು ಹೊತ್ತೂ ಕತೆ ಕಟ್ಟುತ್ತಿದ್ದರು ಎನ್ನುವಳು. ಪಾಪ, ಅವಳ ಮುಂದೆ ಹೇಗೆ ನಿಂತರೂ ಕಷ್ಟವೇ. ಹಾಗೆಂದು ಅವಳು ಕೆಟ್ಟವಳಲ್ಲ. ತಾನೆಲ್ಲಿ ಮೋಸಹೋಗುತ್ತೇನೋ ಎಂಬ ಭಯ ಅವಳನ್ನು ಹಾಗೆ ಮಾಡಿತ್ತು.

ಅದೇ ಊರಿನಲ್ಲಿ ಒಬ್ಬ ಅಂಬಿಗನಿದ್ದ. ಊರಿನ ತೆಪ್ಪದಲ್ಲಿ ಜನರನ್ನು ಆಚೆ ದಡಕ್ಕೆ ದಾಟಿಸುವುದು ಅವನ ಕೆಲಸ. ಅವನ ಮಗ ಆಗಷ್ಟೇ ನೀರು ಮೀಟುವ ಹುಟ್ಟು ಹಿಡಿಯಲು ಕಲಿತಿದ್ದ. ಅಂಬಿಗರ ಮಕ್ಕಳು ಮೊದಲ ಸಲ ಹುಟ್ಟು ಹಿಡಿಯುವ ದಿನ ಬೊಗಸೆಯಲ್ಲಿ ಹೊಳೆಯ ನೀರು ಹಿಡಿದು ಆಣೆ ಮಾಡಬೇಕು. ಹೊಳೆಯ ವಿಷಯದಲ್ಲಿ, ತೆಪ್ಪದ ವಿಷಯದಲ್ಲಿ ಸುಳ್ಳಾಡುವುದಿಲ್ಲ, ಆಡಿದರೆ ಮತ್ತೆ ಹುಟ್ಟು ಮುಟ್ಟುವುದಿಲ್ಲ. ದಾಟಬಹುದು ಎಂದು ಅಂಬಿಗ ಒಂದು ಮಾತು ಹೇಳಿದರೆ ಜನ ಮಕ್ಕಳುಮರಿಗಳನ್ನು ಕಟ್ಟಿಕೊಂಡು ತೆಪ್ಪ ಹತ್ತುತ್ತಾರೆ, ಅದಕ್ಕೆ ಈ ಆಣೆ. ಹುಡುಗನಿಗೆ ಹುಟ್ಟು ಬಿಟ್ಟರೆ ಬೇರೆ ಆಸೆ ಇರಲಿಲ್ಲ. ಊಟಕ್ಕೆ ಕರೆದರೂ ತೆಪ್ಪ ಬಿಟ್ಟು ಬರುತ್ತಿರಲಿಲ್ಲ.

ಒಂದು ಬೆಳಗ್ಗೆ ನೋಡಿದರೆ ಗೂಟದ ಬಳಿ ತೆಪ್ಪ ಇಲ್ಲ. ಹೊಳೆಯ ಕೆಳಗೆ ಬಂಡೆಗೆ ಬಡಿದು ಒಡೆದುಹೋಗಿತ್ತು. ಹೊಸ ತೆಪ್ಪ ಆಗುವವರೆಗೆ ಆಚೆ ದಡದವರು ಆಚೆ, ಈಚೆಯವರು ಈಚೆ. ಊರಿನ ಹುಡುಗರು ಮೋಜಿಗೆ ಹಗ್ಗ ಬಿಚ್ಚಿ ತೆಪ್ಪದಲ್ಲಿ ಆಡುವುದು ಹೊಸದಲ್ಲ. ನಸುಕಿನಲ್ಲಿ ಅಂಬಿಗನ ಮಗ ದಂಡೆಯ ಮೇಲೆ ಓಡುತ್ತಿದ್ದುದನ್ನು ಬಟ್ಟೆ ಒಗೆಯಲು ಹೋದವರು ಕಂಡಿದ್ದರು. ತೆಪ್ಪ ಹೋಗಿತ್ತು, ತಪ್ಪು ಯಾರದೆಂಬುದು ಉಳಿದಿತ್ತು. ಹುಡುಗನನ್ನು ಕಟ್ಟೆಯ ಮುಂದೆ ತಂದು ನಿಲ್ಲಿಸಿದರು.

"ತಪ್ಪಾಯ್ತು" ಎಂದ ಹುಡುಗ.

ನೇಕಾರನ ಮಗಳ ಕಿವಿ ನಿಮಿರಿತು. "ಆಯ್ತು ಅಂದ್ರೆ? ತನ್ನಷ್ಟಕ್ಕೆ ತಾನೇ ಆಗೋಕೆ ಅದೇನು ಮಳೆಯಾ? ಮಾಡಿದ್ದು ಯಾರು, ಅದನ್ನ ಹೇಳು."

ಹುಡುಗ ತಲೆ ತಗ್ಗಿಸಿದ. ಮತ್ತೆ ತಪ್ಪಾಯ್ತು ಎಂದ. ಕಟ್ಟೆಯ ಮೇಲಿದ್ದ ಉಳಿದವರಿಗೆ ಅಷ್ಟೇ ಸಾಕೆನಿಸಿತು. ಹೊಸ ತೆಪ್ಪ ಹೆಣೆಯಲು ಬಿದಿರು ಹೊರಲಿ, ಮಾತು ಮುಗಿಸೋಣ ಎಂದರು. ಅವಳು ಒಪ್ಪಲಿಲ್ಲ. ಕಳ್ಳ ನುಣುಚಿಕೊಳ್ಳುವುದು ಹೀಗೆಯೇ, ಇಂದು ಇವನನ್ನು ಬಿಟ್ಟರೆ ನಾಳೆಯಿಂದ ಎಲ್ಲರೂ ಇದೇ ಹಾಡು ಹಾಡುತ್ತಾರೆ ಎಂದಳು. ಹುಡುಗನಿಗೆ ಕೊನೆಯ ಮಾತು ಹೇಳಿದಳು. ಮಾಡಿದೆ ಎನ್ನದಿದ್ದರೆ ಹಿರಿಯರ ಬಳಿ ನಡೆ, ಅವರು ನಿನ್ನ ಮನೆಗೇ ಬಂದು ಎಲ್ಲವನ್ನೂ ಬಗೆದು ನೋಡುತ್ತಾರೆ.

ಹಿರಿಯರು ಮನೆಗೆ ಬರುತ್ತಾರೆ ಎಂದ ಕೂಡಲೇ ಹುಡುಗನ ಮುಖ ಬಿಳಿಚಿಕೊಂಡಿತು. ಅವನು ಹೊಳೆಯ ಕಡೆ ಒಮ್ಮೆ ನೋಡಿ, ತಪ್ಪು ಮಾಡಿದೆ ಎಂದ. ಕಟ್ಟೆಯ ಮೇಲಿದ್ದವರು ನಿಟ್ಟುಸಿರು ಬಿಟ್ಟರು. ಅವಳಿಗೆ ಗೆದ್ದೆ ಎನಿಸಿತು. ಅಂದು ಮನೆಗೆ ಹೋಗಿ ಮಗ್ಗದ ಮುಂದೆ ಹಾಡು ಗುನುಗಿದಳಂತೆ.

ಹುಡುಗ ಬಿದಿರು ಹೊತ್ತ. ಹೊಸ ತೆಪ್ಪ ನೀರಿಗಿಳಿಯಿತು. ಆದರೆ ಅವನು ಅದನ್ನು ಹತ್ತಲಿಲ್ಲ. ಇಟ್ಟಿಗೆ ಗೂಡಿನಲ್ಲಿ ಮಣ್ಣು ತುಳಿಯುವ ಕೆಲಸಕ್ಕೆ ಸೇರಿದ. ಅಂಬಿಗ ಒಬ್ಬನೇ ಜನರನ್ನು ದಾಟಿಸತೊಡಗಿದ. ಮಗನನ್ನು ಕೇಳಿದರೆ ಗೂಡಿಗೆ ಹೊತ್ತಾಯಿತೆಂದು ಎದ್ದು ಹೋಗುತ್ತಿದ್ದ. ನೇಕಾರನ ಮಗಳಿಗೆ ಇದು ಸರಿಬರಲಿಲ್ಲ. ಶಿಕ್ಷೆ ಮುಗಿದ ಮೇಲೂ ಮುನಿಸಿಕೊಂಡು ಊರಿನವರ ಕನಿಕರ ಗಿಟ್ಟಿಸುತ್ತಿದ್ದಾನೆ, ಇಲ್ಲವೇ ಸಂಜೆ ಕದ್ದು ತೆಪ್ಪದ ಹತ್ತಿರ ಮತ್ತೇನೋ ಮಾಡುತ್ತಿದ್ದಾನೆ ಎಂದುಕೊಂಡಳು. ಒಂದು ದಿನ ಹೊತ್ತು ಮುಳುಗುವ ಮೊದಲೇ ಹೋಗಿ ಬಟ್ಟೆ ಒಗೆಯುವ ಬಂಡೆಯ ಮರೆಯಲ್ಲಿ ಕೂತಳು.

ಮಬ್ಬು ಕವಿಯಿತು. ಅಂಬಿಗ ಕೊನೆಯ ಜನರನ್ನು ಇಳಿಸಿ ತೆಪ್ಪವನ್ನು ದಂಡೆಗೆ ತಂದ. ಹಗ್ಗ ಹಿಡಿದು ಗೂಟವನ್ನು ಕೈಯಿಂದ ತಡಕಿದ. ಕೈಗೆ ಸಿಗಲು ಹೊತ್ತಾಯಿತು. ಸುತ್ತಿದ, ಬಿಗಿದ, ಸರಿಯಾಗಿದೆ ಎಂದುಕೊಂಡು ಕಾಲಿನಿಂದ ದಾರಿ ಸವರುತ್ತ ಮನೆ ಕಡೆ ಹೋದ. ಹಗ್ಗದ ಕುಣಿಕೆ ಗೂಟಕ್ಕೆ ಬೀಳದೆ ಪಕ್ಕದಲ್ಲೇ ಬಿದ್ದಿತ್ತು. ಅಂಬಿಗನಿಗೆ ಇರುಳುಗಣ್ಣು. ಹಗಲು ಹೊಳೆಯ ಸುಳಿ ಸುಳಿಯೂ ಕಾಣುತ್ತದೆ, ಹೊತ್ತು ಇಳಿದರೆ ತನ್ನ ಕೈಯೇ ತನಗೆ ಕಾಣದು. ಇದು ಊರಿಗೆ ತಿಳಿದರೆ ಮರುದಿನವೇ ತೆಪ್ಪ ಬೇರೆಯವರ ಪಾಲು.

ಅಷ್ಟರಲ್ಲಿ ಇಟ್ಟಿಗೆ ಗೂಡಿನ ಕಡೆಯಿಂದ ಹುಡುಗ ಓಡಿಬಂದ. ಹಗ್ಗ ಎತ್ತಿ ಗೂಟಕ್ಕೆ ಬಿಗಿಯಾಗಿ ಕಟ್ಟಿದ. ದಿನವೂ ಮಾಡುವ ಕೆಲಸವೆಂಬುದು ಅವನ ಕೈ ನೋಡಿದರೇ ತಿಳಿಯುತ್ತಿತ್ತು. ಹಳೆಯ ತೆಪ್ಪ ಹೋದ ದಿನ ಮಾತ್ರ ಬರುವುದು ತಡವಾಗಿತ್ತು, ಅವನು ಓಡಿಬಂದದ್ದು ನಸುಕಿನಲ್ಲಿ.

ನೇಕಾರನ ಮಗಳು ಮರೆಯಿಂದ ಎದ್ದು ಬಂದು ಕೇಳಿದಳು. "ಕಟ್ಟೆ ಮುಂದೆ ಇದನ್ನ ಯಾಕೆ ಹೇಳಲಿಲ್ಲ?"

"ಏನಂತ ಹೇಳ್ಲಿ ಅಕ್ಕಾ? ಅಪ್ಪ ಮಾಡಿದ ಅನ್ನೋ ಹಾಗಿರಲಿಲ್ಲ. ನಾನು ಮಾಡಿದೆ ಅಂದ್ರೆ ಸುಳ್ಳು. ಸುಳ್ಳಲ್ಲದ ಮಾತು ನನ್ನ ಹತ್ರ ಒಂದೇ ಒಂದಿತ್ತು. ಅದನ್ನ ನೀವು ಬೇಡ ಅಂದ್ರಿ. ಈಗ ತೆಪ್ಪದ ವಿಷಯದಲ್ಲೇ ಸುಳ್ಳಾಡಿದೀನಿ. ನಾನಿನ್ನು ಹುಟ್ಟು ಮುಟ್ಟೋ ಹಾಗಿಲ್ಲ."

ಹುಡುಗನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಊರಿಗೆ ಹೋಗಿ ನಿಜ ಹೇಳೋಣವೆಂದರೆ ಅಂಬಿಗನ ತೆಪ್ಪ ಹೋಗುತ್ತದೆ. ಹೇಳದಿದ್ದರೆ ಮಗನ ಹುಟ್ಟು ಹೋಗಿಯೇ ಹೋಯಿತು. ಮಾಡಬಹುದಾದದ್ದು ಏನೂ ಉಳಿದಿರಲಿಲ್ಲ, ಒಂದು ಮಾತು ಹೇಳುವುದನ್ನು ಬಿಟ್ಟು. ಕಟ್ಟೆಯ ಮೇಲೆ ಕೂತು ಆ ಮಾತನ್ನು ಹೇಗೆ ಹೇಳಬೇಕೆಂದು ಅವಳು ಎಷ್ಟೋ ಜನರಿಗೆ ಕಲಿಸಿದ್ದಳು. ಎಲ್ಲಿ ತಡೆಯಬೇಕು, ಎಲ್ಲಿ ತಿದ್ದಬೇಕು, ಎಲ್ಲವೂ ಗೊತ್ತಿತ್ತು. ಹುಡುಗನ ಮುಖ ನೋಡಿ ಬಾಯಿ ತೆರೆದಳು.

"ತಪ್ಪಾಯ್ತು" ಎಂದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಸಿದ್ದಮಲ್ಲ ಕಾದ. ಕತೆ ಮುಂದುವರಿಯಲಿಲ್ಲ. ಆ ಹುಡುಗ ಏನೆಂದ ಎಂದು ಅವನೇ ಕೇಳಿದ.

ಗುರುಗಳು ಹೇಳಿದರು: "ಅದಿರಲಿ, ಆ ಹುಡುಗಿಯ ಮಾತನ್ನು ನೀನು ಒಪ್ಪಿಕೊಳ್ಳುತ್ತೀಯೋ, ಇನ್ನೊಮ್ಮೆ ಹೇಳಿಸುತ್ತೀಯೋ?"