ಬಿ-ಹನ್ನೆರಡು ಮತ್ತು ಅದನ್ನು ಹೊತ್ತು ತಂದ ವಾಹಕ

ಸಣ್ಣ ಕರುಳಿನ ಕೊನೆಯ ಭಾಗದಲ್ಲಿರುವ ಒಂದು ಜೀವಕೋಶದ ಬಾಗಿಲಿಗೆ ಬಿ-ಹನ್ನೆರಡು ಎಂಬ ವಿಟಮಿನ್ ಬಂದಿತು. ಕರುಳಿನ ದಾರಿಯುದ್ದಕ್ಕೂ ಅದನ್ನು ತಬ್ಬಿಕೊಂಡು ತಂದದ್ದು ಜಠರದಲ್ಲಿ ಹುಟ್ಟಿದ ಒಂದು ವಾಹಕ ಪ್ರೋಟೀನು.

“ಇನ್ನು ಕೈ ಬಿಡು. ಹೊರೆಯಾಳಿನ ತೋಳಲ್ಲಿ ಕೂತು ಒಳಗೆ ಹೋದರೆ ನನ್ನ ಮರ್ಯಾದೆ ಏನಾದೀತು?” ಎಂದಿತು ವಿಟಮಿನ್.

“ಅಪ್ಪಣೆ, ಸ್ವಾಮಿ,” ಎಂದು ವಾಹಕವು ಹಿಂದೆ ಸರಿಯಿತು.

ವಿಟಮಿನ್ ಬಾಗಿಲು ತಟ್ಟಿತು. “ನನ್ನ ಎದೆಯಲ್ಲಿ ಕೋಬಾಲ್ಟ್ ಲೋಹವಿದೆ. ಒಳಗಿನ ಕಿಣ್ವ ನಾನಿಲ್ಲದೆ ಕೆಲಸ ನಿಲ್ಲಿಸಿ ಕೂತಿದೆ. ಬೇಗ ತೆರೆ!”

“ಇರಬಹುದು ಮಾರಾಯ. ಆದರೆ ನಿನ್ನ ಗುರುತು ನನಗಿಲ್ಲ. ನಿನ್ನನ್ನು ಹಿಡಿದು ತರುವವನನ್ನು ಮಾತ್ರ ನಾನು ಬಲ್ಲೆ. ಅವನೆಲ್ಲಿ?” ಎಂದಿತು ಬಾಗಿಲು.

ಅಷ್ಟರಲ್ಲಿ ಕರುಳಿನ ಹರಿವು ವಿಟಮಿನ್ನನ್ನು ದೊಡ್ಡ ಕರುಳಿನ ಕಡೆಗೆ ಎಳೆಯತೊಡಗಿತು. ಅಲ್ಲಿಗೆ ಹೋದರೆ ಕಸದೊಡನೆ ದೇಹದಿಂದ ಹೊರಗೇ.

“ಅಣ್ಣಾ, ಹಿಡಿದುಕೋ!” ಎಂದು ಅದು ಕೂಗಿತು.

ವಾಹಕವು ಮರುಮಾತಾಡದೆ ಬಂದು ತಬ್ಬಿಕೊಂಡಿತು. ಬಾಗಿಲು ಇಬ್ಬರನ್ನೂ ಒಟ್ಟಿಗೆ ಒಳಗೆಳೆದುಕೊಂಡಿತು. ಆದರೆ ವಾಹಕವನ್ನು ಜೀರ್ಣಿಸಿಯೇ ವಿಟಮಿನ್ನನ್ನು ಬಿಡಿಸಿಕೊಳ್ಳುವುದು ಆ ಕೋಶದ ಪದ್ಧತಿ.

“ಇದು ನಿನಗೆ ಮೊದಲೇ ಗೊತ್ತಿತ್ತೇ?” ಎಂದು ವಿಟಮಿನ್ ಕೇಳಿತು.

“ಗೊತ್ತಿತ್ತು, ಸ್ವಾಮಿ. ಭಗವಂತ ನನ್ನನ್ನು ಮಾಡಿದ್ದೇ ಇದಕ್ಕೆ,” ಎನ್ನುತ್ತಲೇ ವಾಹಕವು ಕರಗಿಹೋಯಿತು.

ಕಿಣ್ವವು ಎದುರುಗೊಂಡು ಕೈ ಮುಗಿಯಿತು. “ಬನ್ನಿ, ಬನ್ನಿ. ಇಷ್ಟು ದೂರ ಒಬ್ಬರೇ ಬಂದಿರಾ?”

ವಿಟಮಿನ್ ತಲೆಯೆತ್ತಲಿಲ್ಲ.

“ಇಲ್ಲ, ಒಬ್ಬರು ಕರೆತಂದರು. ಅವರ ಹೆಸರನ್ನು ನಾನು ಕೇಳಲೇ ಇಲ್ಲ,” ಎಂದಿತು.