ಎಮ್ಮೆ ತೊಳೆದ ಮಧ್ಯಾಹ್ನ

ತಲೆ ನರೆತು, ತನಗೇ ಶಿಷ್ಯರಾದ ಮೇಲೂ ಸಂಗಯ್ಯನಿಗೆ ವೇದಾವತಿ ಹೊಳೆದಂಡೆಯ ಆ ಆಶ್ರಮ ಆಗಾಗ ನೆನಪಾಗುತ್ತಿತ್ತು. ಒಣಗಲು ಹರವಿದ ಬೇರು, ಕಷಾಯದ ಹೊಗೆ, ಒದ್ದೆ ಮರಳಿನ ವಾಸನೆ. ಮರುಳಯ್ಯ ಪಂಡಿತರಲ್ಲಿ ಅವನು ವೈದ್ಯ ಕಲಿತದ್ದು ಅಲ್ಲಿಯೇ.

ಒಂದು ದಿನ ಕುರಿ ಕಾಯುವ ಹೆಂಗಸೊಬ್ಬಳು ಮಗಳನ್ನು ಹೊತ್ತು ತಂದಳು. ಮಗುವಿನ ಮೈ ಸುಡುತ್ತಿತ್ತು. ಬಾಯಿ ಒಣಗಿತ್ತು. ಅಲ್ಲಿಲ್ಲದ ಯಾರನ್ನೋ ಕರೆದು ಮಾತಾಡುತ್ತಿತ್ತು.

“ಬೆಳಿಗ್ಗೆ ಆಡ್ಕೊಂಡಿತ್ತು, ಅಪ್ಪೋರೆ. ಆಮೇಲೆ ಹಿಂಗಾತು.”

ಸಂಗಯ್ಯ ಕಲಿತದ್ದನ್ನೆಲ್ಲ ನೆನೆಸಿಕೊಂಡ. ಯಾವ ಜ್ವರವೂ ಹೊಂದಲಿಲ್ಲ.

“ನಿಮಗೇನಾದರೂ ಹೊಳೆಯಿತೇ, ಗುರುಗಳೇ?”

“ಇಲ್ಲ.”

ಹೊತ್ತು ನೆತ್ತಿಗೆ ಬಂತು. ಪಂಡಿತರು ಮಗುವಿನ ಹಣೆಯ ಮೇಲಿನ ಬಟ್ಟೆಯನ್ನು ಒದ್ದೆ ಮಾಡುತ್ತ ಹೇಳಿದರು: “ಎಮ್ಮೆ ಬಿಸಿಲಲ್ಲಿ ನಿಂತಿದೆ. ಹೊಳೆಗೆ ಹೊಡೆದುಕೊಂಡು ಹೋಗಿ ಮೈ ತೊಳಿ.”

“ಕೂಸು ಹೀಗಿರುವಾಗಲೇ?”

“ನಾನಿದ್ದೇನೆ. ನೀನು ಆಗಿನಿಂದ ಅದನ್ನೇ ಮೆಲುಕು ಹಾಕುತ್ತಿದ್ದೀಯ. ಹೋಗು.”

ಸಂಗಯ್ಯ ಸಿಟ್ಟಿನಿಂದಲೇ ಹೋದ. ಹುಲ್ಲಿನ ಸಿಂಬೆಯಿಂದ ಎಮ್ಮೆಯ ಬೆನ್ನು ಉಜ್ಜಿದ. ಎಮ್ಮೆ ಕಣ್ಣು ಮುಚ್ಚಿತು. ನೀರು ತಣ್ಣಗಿತ್ತು. ಕೈ ತನ್ನಷ್ಟಕ್ಕೆ ಆಡುತ್ತಿತ್ತು. ಸಿಟ್ಟು ಇಳಿಯಿತು. ಸ್ವಲ್ಪ ಹೊತ್ತು ಅವನಿಗೆ ಮಗುವಿನ ನೆನಪೂ ಇರಲಿಲ್ಲ.

ಇದ್ದಕ್ಕಿದ್ದಂತೆ ಕೈ ನಿಂತಿತು.

ಮಗುವನ್ನು ಮಲಗಿಸುವಾಗ ಅದರ ಲಂಗದ ನೆರಿಗೆಯಿಂದ ಚಪ್ಪಟೆ ಬೀಜಗಳು ಉದುರಿದ್ದವು. ಮೆಣಸಿನಕಾಯಿ ಬೀಜವೆಂದು ಅವನೇ ಅವನ್ನು ಕೊಡವಿ ಹಾಕಿದ್ದ. ಅವು ಮೆಣಸಿನಕಾಯಿಯವಲ್ಲ. ಉಮ್ಮತ್ತಿ. ಬಾಯಿ ಒಣಗಿಸಿ ಭ್ರಮೆ ಹಿಡಿಸುವ ವಿಷದ ಬೀಜ.

ಎಮ್ಮೆಯನ್ನು ನೀರಲ್ಲೇ ಬಿಟ್ಟು ಓಡಿದ.

ಪಂಡಿತರು ಮಾತು ಪೂರ್ತಿ ಕೇಳುವ ಮೊದಲೇ ಎದ್ದು ಔಷಧ ಅರೆದರು. ಮಗು ವಾಂತಿ ಮಾಡಿತು. ಬೀಜಗಳು ಹೊರಬಿದ್ದವು. ಸಂಜೆಯ ಹೊತ್ತಿಗೆ ಅದು ತಾಯಿಯ ಗುರುತು ಹಿಡಿದು ನೀರು ಕೇಳಿತು. ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಮಗು ಎದ್ದು ಓಡಾಡಿ, ತಾಯಿಯೊಡನೆ ಊರಿಗೆ ಹೋದ ಮೇಲೆ ಗುರುಶಿಷ್ಯರು ಜಗುಲಿಯ ಮೇಲೆ ಕೂತರು.

“ಹೊಳೆಯಲ್ಲಿ ನಾನು ಯೋಚಿಸುತ್ತಲೇ ಇರಲಿಲ್ಲ, ಗುರುಗಳೇ. ಮತ್ತೆ ಯೋಚಿಸಿದ್ದು ಯಾರು?”

ಪಂಡಿತರು ನಕ್ಕರು.

“ಹಾಗಾದರೆ ಇನ್ನು ಮೇಲೆ ದಾರಿ ಕಾಣದಾಗಲೆಲ್ಲ ಹೊಳೆಗೆ ಹೋಗಿಬಿಡುತ್ತೇನೆ.”

“ಹೋಗು. ಆದರೆ ಮೊದಲು ರೋಗಿಯ ಪಕ್ಕ ಕೂತು, ಯೋಚಿಸಿ ಯೋಚಿಸಿ ಸೋತ ಮೇಲೆ ಹೋಗು. ಸೋಲದೆ ಹೊಳೆಗೆ ಹೋದವನಿಗೆ ಸಿಗುವುದು ತೊಳೆದ ಎಮ್ಮೆ ಮಾತ್ರ.”