ಆಕ್ಷೇಪಣೆ ಇಬ್ಬರದು

ಹೊಳೆದಂಡೆಯ ಆಶ್ರಮದಲ್ಲಿ ಸಭೆ ಸೇರಿ ಹನ್ನೊಂದು ವರ್ಷವಾಗಿತ್ತು. ಹನ್ನೆರಡು ಎನ್ನುವವರೂ ಇದ್ದಾರೆ. ಅವರು, ಯಾರು ಎಲ್ಲಿ ಕೂರಬೇಕೆಂದು ನಡೆದ ಜಗಳವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ.

ಐವತ್ತಾರು ದೇಶದವರು ಬಂದಿದ್ದರು. ಊಟದ ಹೊತ್ತಿಗೆ ಎಣಿಸಿದರೆ ಇನ್ನೂ ಹೆಚ್ಚು.

ಅವರಿಗೆ ಬೇಕಾಗಿದ್ದದ್ದು ಒಂದು ಗೂಢಲಿಪಿ. ಆಗ ಪ್ರತಿ ದೇಶಕ್ಕೂ ತನ್ನದೇ ಒಂದು ಇತ್ತು. ಈ ದೇಶದವರು ಗುಟ್ಟಾಗಿ ಬರೆದ ಓಲೆ ಆ ದೇಶದವರಿಗೆ ಅರ್ಥವಾಗುತ್ತಿರಲಿಲ್ಲ. ನಡುವೆ ದೋಣಿ ನಡೆಸುವವನಿಗೆ ಮಾತ್ರ ಹೇಗೋ ಅರ್ಥವಾಗಿಬಿಡುತ್ತಿತ್ತು.

ಎಲ್ಲರೂ ಬಳಸುವಂಥ, ಯಾರೂ ಒಡೆಯಲಾಗದಂಥ ಒಂದನ್ನು ಆರಿಸಿ, ಎಲ್ಲ ದೇಶಗಳಿಗೂ ಇದೇ ಮಾದರಿ ಎಂದು ಸಾರಬೇಕಿತ್ತು.

ಮೊದಲಿಗೆ ಬೇಕಾದಷ್ಟು ಗೂಢಲಿಪಿಗಳು ಬಂದಿದ್ದವು. ಒಂದನ್ನು ಊಟದೆಲೆಯ ಮುಂದೆ, ಹುಳಿ ಬಡಿಸುವಷ್ಟರಲ್ಲಿ ಒಡೆದರು. ಇನ್ನೊಂದನ್ನು, ಅದನ್ನು ಮಾಡಿದವನ ಅಳಿಯನೇ ಒಡೆದ. ಆ ಮನೆಯಲ್ಲಿ ಇವತ್ತಿಗೂ ಮಾತುಕತೆ ಇಲ್ಲ.

ಕೊನೆಗೆ ಉಳಿದದ್ದು ಹಾಲೇಶನದೊಂದೇ.

ಹಾಲೇಶ ಆ ಆಶ್ರಮದ ಶಿಷ್ಯ. ಸಭೆ ಶುರುವಾದಾಗ ಅವನ ತಲೆಯಲ್ಲಿ ಬಿಳಿಕೂದಲು ಹುಡುಕಿದರೂ ಸಿಗುತ್ತಿರಲಿಲ್ಲ. ಈಗ ಹುಡುಕುವ ಕಷ್ಟವೇ ಇರಲಿಲ್ಲ.

ಅವನ ಗುರು ಏಕಾಂತಯ್ಯನವರಿಗೆ ಸಭೆಯಲ್ಲಿ ಯಾವ ಸ್ಥಾನವೂ ಇರಲಿಲ್ಲ. ಜಾಗ ಅವರದು, ಅನ್ನ ಅವರದು, ಅಷ್ಟೆ. ಹಿಂದಿನ ಕಂಬಕ್ಕೆ ಒರಗಿ, ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಅದು ಧ್ಯಾನವೋ ನಿದ್ದೆಯೋ ಎಂಬ ಬಗ್ಗೆ ಶಿಷ್ಯರಲ್ಲೇ ಎರಡು ಪಕ್ಷವಿತ್ತು.

ಮೊದಲ ವರ್ಷ ಅವರು ಹಾಲೇಶನನ್ನು ಕರೆದು, "ನಿನ್ನ ವಿಧಾನವನ್ನೆಲ್ಲ ಜಗಲಿಯ ಗೋಡೆಯ ಮೇಲೆ ಬರೆ," ಎಂದಿದ್ದರು.

"ಜಗಲಿಯ ಮೇಲೆ ದಾರಿಹೋಕರು ಕೂರುತ್ತಾರೆ ಗುರುಗಳೇ. ಓದಿಬಿಡುತ್ತಾರೆ."

"ಓದಲಿ."

"ಮತ್ತೆ ಗುಟ್ಟು ಎಲ್ಲಿ ಉಳಿಯಿತು?"

"ಬೀಗ ಮಾಡುವವನು ಬೀಗವನ್ನು ಸಂತೆಯಲ್ಲಿ ಹರವಿ ಕೂರುತ್ತಾನೆ. ಬಡಿದು ನೋಡಿ, ಎಳೆದು ನೋಡಿ ಅನ್ನುತ್ತಾನೆ. ಗುಟ್ಟು ಇರೋದು ಕೊಂಡವನ ಉಡಿದಾರದಲ್ಲಿರೋ ಕೀಲಿಕೈಯಲ್ಲಿ ಮಾತ್ರ."

ಅಂದಿನಿಂದ ಐವತ್ತಾರು ದೇಶದ ಪಂಡಿತರು ಆ ಗೋಡೆಯ ಮುಂದೆ ಕೂತು ಬಡಿದರು, ಎಳೆದರು. ಹಾಲೇಶನ ಗೂಢಲಿಪಿ ಒಡೆಯಲಿಲ್ಲ.

ಆಮೇಲೆ ಬಳಕೆಯ ನಿಯಮಗಳ ವಾಕ್ಯಗಳ ಸರದಿ ಬಂತು. "ಓಲೆ ಬಿಡಿಸುವ ಕೀಲಿಮಾತನ್ನು ಆಗಾಗ ಬದಲಿಸತಕ್ಕದ್ದು" ಎಂದಿರಬೇಕೋ, "ಬದಲಿಸುವುದು ಒಳ್ಳೆಯದು" ಎಂದಿರಬೇಕೋ ಎಂದು ಒಂದು ಇಡೀ ಮಳೆಗಾಲ ಚರ್ಚೆಯಾಯಿತು. ಹೊಳೆ ಏರಿತು, ಇಳಿಯಿತು. ಚರ್ಚೆ ಇಳಿಯಲಿಲ್ಲ.

ಸಭೆಗೆ ಇದ್ದದ್ದು ಒಂದೇ ಕಟ್ಟಳೆ. ಎಲ್ಲರೂ ಹೌದು ಎನ್ನಬೇಕಿಲ್ಲ. ಆದರೆ ಬೇಡ ಎಂದವರ ಪ್ರಶ್ನೆಗೆ ಉತ್ತರ ಸಿಗುವ ತನಕ ಯಾವುದನ್ನೂ ಮಾದರಿ ಎಂದು ಸಾರುವಂತಿಲ್ಲ.

ಕೊನೆಯ ದಿನ ಎಂದು ಎಲ್ಲರೂ ನಂಬಿದ್ದ ಒಂದು ದಿನ ಬಂತು. ಕೆಲವರು ಗಂಟುಮೂಟೆ ಕಟ್ಟಿಕೊಂಡೇ ಬಂದು ಕೂತಿದ್ದರು.

"ಇನ್ನೇನಾದರೂ ಆಕ್ಷೇಪಣೆ?" ಎಂದರು ಸಭೆ ನಡೆಸುವವರು, ಇಲ್ಲ ಎನ್ನಿ ಎಂಬ ದನಿಯಲ್ಲಿ.

ಅಕ್ಕಾಜಮ್ಮ ಕೈ ಎತ್ತಿದರು. ಉಪ್ಪು ಬೆಳೆಯುವ ಒಂದು ಸಣ್ಣ ದ್ವೀಪದಿಂದ ಬಂದಿದ್ದ ಪಂಡಿತೆ. ಅಳಿಯ ಒಡೆದದ್ದನ್ನು ಬಿಟ್ಟರೆ ಉಳಿದ ಗೂಢಲಿಪಿಗಳಲ್ಲಿ ಅರ್ಧದಷ್ಟನ್ನು ಒಡೆದದ್ದು ಇವರೇ.

ಸಭೆಯೆಲ್ಲ ಒಟ್ಟಿಗೆ ನಿಟ್ಟುಸಿರು ಬಿಟ್ಟಿತು. ಹೊಳೆಯಲ್ಲಿ ಅಲೆ ಎದ್ದಿತು ಎನ್ನುವುದು ಸ್ವಲ್ಪ ಹೆಚ್ಚಾಯಿತು, ಆದರೂ ಹಾಗೆ ಹೇಳುವವರಿದ್ದಾರೆ.

"ತಮ್ಮಾ," ಎಂದರು ಅಕ್ಕಾಜಮ್ಮ, "ಅಕ್ಷರಗಳನ್ನು ಕಲಸೋಕೆ ನಡುವೆ ಒಂದು ಅಂಕಿಗಳ ಚೌಕ ಇಟ್ಟಿದ್ದೀಯಲ್ಲ. ಅದರಲ್ಲಿ ಆ ಅಂಕಿಗಳೇ ಏಕೆ?"

"ಬೇರೆ ಯಾವುದು ಇರಬೇಕಿತ್ತು ತಾಯಿ?"

"ಯಾವುದು ಬೇಕಾದರೂ ಇರಬಹುದಿತ್ತು. ಅದಕ್ಕೇ ಕೇಳ್ತಿರೋದು."

ಹಾಲೇಶನಿಗೆ ನೆನಪಿತ್ತು. ಗುರುಗಳು ಆ ಚೌಕವನ್ನು ಮರಳಿನ ಮೇಲೆ ಬೆರಳಲ್ಲಿ ಬರೆದು, "ಇದನ್ನು ಬಳಸು," ಎಂದಿದ್ದರು. ಏಕೆಂದು ಇವನು ಕೇಳಿರಲಿಲ್ಲ. ಗುರುಗಳು ಕೊಟ್ಟದ್ದನ್ನು ಏಕೆಂದು ಕೇಳುವ ಶಿಷ್ಯ ಆ ಆಶ್ರಮಕ್ಕೆ ಇನ್ನೂ ಬಂದಿರಲಿಲ್ಲ.

"ಅದು ನನ್ನ ಗುರುಗಳು ಕೊಟ್ಟದ್ದು," ಎಂದ ಹಾಲೇಶ. ಇದಕ್ಕಿಂತ ದೊಡ್ಡ ಉತ್ತರ ಅವನಲ್ಲಿರಲಿಲ್ಲ.

ಹತ್ತಾರು ಜನ ಕಂಬದ ಕಡೆ ತಿರುಗಿ ಕೈಮುಗಿದರು. ಅಕ್ಕಾಜಮ್ಮನೂ ಮುಗಿದರು.

"ಗುರುಗಳಿಗೆ ಶರಣು. ಆ ಅಂಕಿಗಳೇ ಏಕೆ?"

"ತಾಯಿ, ಹೇಳಿದೆನಲ್ಲ."

"ಯಾರು ಕೊಟ್ಟರು ಅಂತ ಹೇಳಿದೆ. ನೋಡು, ಮನೆ ಕಟ್ಟಿದವನಿಗೆ ಮಾತ್ರ ಗೊತ್ತಿರೋ ಹಿತ್ತಲ ಬಾಗಿಲು ಅಂತ ಇರುತ್ತೆ. ಆ ಚೌಕವನ್ನು ಆರಿಸಿದವರು ಬೇಕೆಂದೇ ಹಾಗೆ ಆರಿಸಿದ್ದರೆ, ಕೀಲಿಕೈ ಇಲ್ಲದೆ ನಮ್ಮೆಲ್ಲರ ಓಲೆ ಓದಬಹುದು."

"ನನ್ನ ಗುರುಗಳನ್ನು ಅನುಮಾನಿಸ್ತೀರಾ?"

"ಮತ್ತೆ ನಮ್ಮನ್ನು ಇಲ್ಲಿಗೆ ಕರೆಸಿದ್ದು ಯಾತಕ್ಕಪ್ಪ?"

ಪಡುವಣ ದೇಶದ ಒಬ್ಬರು ಗಂಟಿನ ಮೇಲೆ ಕೈಯಿಟ್ಟುಕೊಂಡೇ ಹೇಳಿದರು: "ಸಾಕು ಬಿಡಿ ಅಕ್ಕಾಜಮ್ಮ. ನಾನು ಬರುವಾಗ ತೊಟ್ಟಿಲಲ್ಲಿದ್ದ ಮೊಮ್ಮಗ ಈಗ ಹೊಲ ಉಳ್ತಾನಂತೆ. ಅವನ ಮುಖ ನೋಡಬೇಕು."

"ನೋಡುವಿರಂತೆ. ಅವನು ಬರೆಯೋ ಓಲೆಗಳೂ ಇದರಲ್ಲೇ ಹೋಗುತ್ತವೆ."

ಹಾಲೇಶ ಕಟ್ಟಿಟ್ಟ ಗಂಟುಗಳ ಕಡೆ ನೋಡಿದ. ಇವತ್ತು ತಪ್ಪಿದರೆ ಇವರೆಲ್ಲ ಎದ್ದು ಹೋಗುತ್ತಾರೆ. ಇನ್ನೊಮ್ಮೆ ಸೇರುವುದು ಸುಳ್ಳು. ಅವನ ಬದುಕಿನ ಅಷ್ಟೂ ಕೆಲಸ ಜಗಲಿಯ ಗೋಡೆಯ ಮೇಲಿನ ಮಸಿಯಾಗಿ ಉಳಿಯುತ್ತದೆ. ಒಂದು ತಿಂಗಳು ನಿದ್ದೆ ಮಾಡಬೇಕು ಎಂಬ ಆಸೆಯೂ ಇತ್ತು. ಆ ಹೊತ್ತಿಗೆ ಯಾವುದು ದೊಡ್ಡದು ಎಂದು ಅವನಿಗೇ ತಿಳಿಯುತ್ತಿರಲಿಲ್ಲ.

ಅವನು ಕಂಬದ ಹತ್ತಿರ ಹೋಗಿ ಬಗ್ಗಿದ.

"ಗುರುಗಳೇ, ಹಿತ್ತಲ ಬಾಗಿಲಿಲ್ಲ ಅಂತ ಒಂದು ಮಾತು ಹೇಳಿ. ನೀವು ಹೇಳಿದರೆ ಮುಗಿಯಿತು."

ಏಕಾಂತಯ್ಯನವರು ಕಣ್ಣು ತೆರೆದರು. ಸಭೆ ಅವರತ್ತ ತಿರುಗಿತು. ಒಪ್ಪಲು ಎಲ್ಲರೂ ತಯಾರಿದ್ದರು.

ಅವರು ಮಂಡಿಯ ಮೇಲೆ ಕೈಯೂರಿ ನಿಧಾನಕ್ಕೆ ಎದ್ದರು. ಸಭೆಯ ನಡುವಿನಿಂದ ನಡೆದುಹೋಗಿ ಅಕ್ಕಾಜಮ್ಮನ ಪಕ್ಕದಲ್ಲಿ ಕೂತರು.

"ಆಕ್ಷೇಪಣೆ ಇಬ್ಬರದು ಅಂತ ಬರೆದುಕೊಳ್ಳಿ," ಎಂದರು.

ಆ ಸಂಜೆ ಹಾಲೇಶ ಹೊಳೆಯ ಮೆಟ್ಟಿಲ ಮೇಲೆ ಗುರುಗಳ ಜೊತೆ ಕೂತಿದ್ದ. ಅವನಿಗೆ ಸಿಟ್ಟೂ ಬಂದಿರಲಿಲ್ಲ. ಸಿಟ್ಟು ಮಾಡಿಕೊಳ್ಳಲೂ ಶಕ್ತಿ ಬೇಕಲ್ಲ.

"ಒಂದು ಮಾತು ಹೇಳಿದ್ದರೆ ಒಪ್ಪುತ್ತಿದ್ದರು," ಎಂದ.

"ಒಪ್ಪುತ್ತಿದ್ದರು."

"ಅದಕ್ಕೇ ತಾನೇ ಇಷ್ಟು ವರ್ಷ ಕೂತಿದ್ದು?"

"ನಾನು ಸತ್ತ ಮೇಲೆ ಹುಟ್ಟುವವರು ಯಾರನ್ನು ಕೇಳಬೇಕು?"

ಹಾಲೇಶ ನೀರು ನೋಡಿದ. "ನನಗೆ ಸಾಕಾಗಿದೆ ಗುರುಗಳೇ."

"ನನಗೂ ಸಾಕಾಗಿದೆ ಮಗೂ. ಇಷ್ಟು ಜನಕ್ಕೆ ಹುಳಿ ಮಾಡಿಸಿ ನೋಡು, ಗೊತ್ತಾಗುತ್ತೆ."

"ಈಗ ನಾನೇನು ಮಾಡಲಿ?"

"ಯಾರೂ ಕೊಡದ ಅಂಕಿಗಳನ್ನು ಹಾಕು."

"ಯಾರೂ ಕೊಡದ ಅಂಕಿ ಎಲ್ಲಿ ಸಿಗುತ್ತದೆ?"

ಗುರುಗಳು ಕೋಲಿನಿಂದ ಮೆಟ್ಟಿಲ ಬುಡದ ಮರಳಿನ ಮೇಲೆ ಒಂದು ವೃತ್ತ ಎಳೆದರು. ಅದು ಸೊಟ್ಟಗಾಯಿತು. ನಡುವೆ ಒಂದು ಅಡ್ಡಗೆರೆ ಹಾಕಿ, ಎದ್ದು ಊಟಕ್ಕೆ ಹೋದರು.

ಹಾಲೇಶ ಅದನ್ನು ನೋಡುತ್ತ ಕೂತ. ವೃತ್ತದ ಸುತ್ತಳತೆ ಅದರ ಅಡ್ಡಳತೆಯ ಮೂರರಷ್ಟು, ಮೇಲೆ ಇನ್ನೂ ಸ್ವಲ್ಪ. ಆ ಸ್ವಲ್ಪದ ಅಂಕಿಗಳು ಬರೆದಷ್ಟೂ ಮುಗಿಯುವುದಿಲ್ಲ. ಯಾವ ದೇಶದಲ್ಲಿ ಯಾರು ಲೆಕ್ಕ ಹಾಕಿದರೂ ಅವೇ ಅಂಕಿಗಳು, ಅದೇ ಸಾಲಿನಲ್ಲಿ. ಯಾರ ಗುರುವೂ ಅವನ್ನು ಆರಿಸಿದ್ದಲ್ಲ.

ಮರುದಿನ ಬೆಳಿಗ್ಗೆ ಅವನು ಒದ್ದೆಬಟ್ಟೆ ತಂದು, ಎಲ್ಲರ ಎದುರು ಗೋಡೆಯ ಮೇಲಿನ ಚೌಕವನ್ನು ಒರೆಸಿದ. ಗುರುಗಳ ಅಂಕಿಗಳು ಕರಗಿ ಅವನ ಮೊಣಕೈವರೆಗೂ ಇಳಿದವು. ಕೆಲವರು ಬೇರೆ ಕಡೆ ನೋಡಿದರು.

ಆ ಜಾಗದಲ್ಲಿ ವೃತ್ತದ ಅಂಕಿಗಳನ್ನು ಬರೆದ. ಹೇಗೆ ಬಂದವು ಎಂಬ ಲೆಕ್ಕವನ್ನೂ ಪಕ್ಕದಲ್ಲೇ ಬರೆದ.

"ಹಾಗಾದರೆ ಮತ್ತೆ ಮೊದಲಿನಿಂದ ಒಡೆಯಲು ಕೂರಬೇಕಾ?" ಎಂದರು ಪಡುವಣ ದೇಶದವರು.

"ಹೌದು."

ಅವರು ತಮ್ಮ ಗಂಟು ಬಿಚ್ಚಿದರು. ಪಂಚೆ ತೆಗೆದು ಹಗ್ಗದ ಮೇಲೆ ಹರವಿದರು. ಆ ದಿನ ಸಭೆಯಲ್ಲಿ ನಡೆದ ಅತಿ ದೊಡ್ಡ ಕೆಲಸ ಅದೇ.

ಮತ್ತೆ ಮಳೆಗಾಲಗಳು ಬಂದವು, ಹೋದವು. ಕೆಲವರು ಊರಿಗೆ ಹೋದರು. ಅವರ ಬದಲು ಅವರ ಶಿಷ್ಯರು ಬಂದು, ಹಳೆಯ ಪ್ರಶ್ನೆಗಳನ್ನೆಲ್ಲ ಹೊಸದಾಗಿ ಕೇಳಿದರು. ಹಾಲೇಶ ಹೊಸದಾಗಿ ಉತ್ತರ ಕೊಟ್ಟ.

ಅಕ್ಕಾಜಮ್ಮ ಮಾತ್ರ ಕದಲಲಿಲ್ಲ. ಗೋಡೆಯ ಮುಂದೆ ಚಾಪೆ ಹಾಸಿಕೊಂಡು, ತಿಂಗಳಿಗೊಂದು ಹೊಸ ಉಪಾಯದಿಂದ ಒಡೆಯಲು ನೋಡುತ್ತಿದ್ದರು. ಏಕಾಂತಯ್ಯನವರು ಆಗಾಗ ಅವರಿಗೆ ಮಜ್ಜಿಗೆ ಕಳಿಸುತ್ತಿದ್ದರು. ಹಾಲೇಶನಿಗೆ ಕಳಿಸುತ್ತಿರಲಿಲ್ಲ.

ಒಂದು ದಿನ ಸಭೆ ನಡೆಸುವವರು ಮತ್ತೆ ಕೇಳಿದರು: "ಇನ್ನೇನಾದರೂ ಆಕ್ಷೇಪಣೆ?"

ಎಲ್ಲರೂ ಅಕ್ಕಾಜಮ್ಮನ ಕಡೆ ನೋಡಿದರು.

"ಕೇಳೋದು ಏನೂ ಉಳಿದಿಲ್ಲ," ಎಂದರು ಅವರು.

ಚಪ್ಪಾಳೆ ಬೀಳಲಿಲ್ಲ. ಪಾಯಸ ಇದೆಯೇ ಎಂದು ಯಾರೋ ಕೇಳಿದರು. ಹಾಲೇಶನ ಗೂಢಲಿಪಿ ಐವತ್ತಾರು ದೇಶಗಳ ಮಾದರಿಯಾದದ್ದು ಹೀಗೆ.

ದೋಣಿ ಹತ್ತುವ ಮೊದಲು ಅಕ್ಕಾಜಮ್ಮನನ್ನು ಅವನು ತಡೆದ. "ಚೆನ್ನಾಗಿದೆ ಅಂತಲಾದರೂ ಹೇಳಿ ಹೋಗಿ ತಾಯಿ."

"ನನ್ನ ಕೈಲಿ ಒಡೆಯೋಕೆ ಆಗಲಿಲ್ಲ ತಮ್ಮಾ. ಇನ್ನು ನನ್ನ ಮೊಮ್ಮಗಳು ನೋಡ್ತಾಳೆ."

ಎಲ್ಲರೂ ಹೋದರು. ಅಡುಗೆಮನೆಯಲ್ಲಿ ದೊಡ್ಡ ಪಾತ್ರೆಗಳನ್ನು ಬೋರಲು ಹಾಕುತ್ತಿದ್ದರು. ಏಕಾಂತಯ್ಯನವರು ತಮ್ಮ ಕಂಬಕ್ಕೆ ಒರಗಿದ್ದರು. ಹಾಲೇಶ ಅವರ ಕಾಲ ಬಳಿ ಕೂತು, ಒತ್ತತೊಡಗಿದ.

"ಗುರುಗಳೇ, ಈಗ ಎಲ್ಲ ಮುಗಿಯಿತು. ಇನ್ನು ಯಾರಿಗೂ ಅದು ಬೇಕಿಲ್ಲ. ನನಗೊಬ್ಬನಿಗೆ ಹೇಳಿ. ನೀವು ಕೊಟ್ಟ ಚೌಕದಲ್ಲಿ ಹಿತ್ತಲ ಬಾಗಿಲು ಇತ್ತೇ?"

"ಹೇಳಿದರೆ ನಂಬುತ್ತೀಯಾ?"

"ನಿಮ್ಮನ್ನಲ್ಲದೆ ಇನ್ಯಾರನ್ನು ನಂಬಲಿ?"

ಗುರುಗಳು ಕಣ್ಣು ಮುಚ್ಚಿದರು.

"ಹಾಗಾದರೆ ಹೇಳುವುದಿಲ್ಲ."